ಮನೆಯ ಮುದ್ರಣಯಂತ್ರವೋ, ಅಂಗಡಿಯ ಮುದ್ರಣವೋ?



ಒಂದು ವಸ್ತುವನ್ನು ಕೊಳ್ಳುವುದು ಬೇರೆ, ಕೊಂಡ ಮೇಲೆ ಅದನ್ನು ಸಾಕುವುದು ಬೇರೆ. ಎಮ್ಮೆ ಕೊಳ್ಳಹೋದ ರೈತನು ಬೆಲೆಯೊಂದನ್ನೇ ಕೇಳಿ ಹಗ್ಗ ಹಿಡಿದುಕೊಂಡು ಬರುವುದಿಲ್ಲ. ಮೇವೆಷ್ಟು ಬೇಕು, ಹಿಂಡಿ ಎಷ್ಟು ಬೇಕು, ಹಾಲೆಷ್ಟು ಕೊಡುತ್ತದೆ ಎಂದು ವಿಚಾರಿಸುತ್ತಾನೆ. ಹಳ್ಳಿಯಲ್ಲಿ ನಮ್ಮ ಹಿರಿಯರಿಗೆ ಸಹಜವಾಗಿದ್ದ ಈ ವಿವೇಕವು ಪಟ್ಟಣದ ಅಂಗಡಿಯ ಗಾಜಿನ ಮುಂದೆ ನಿಂತಾಗ ಮರೆತುಹೋಗುವುದುಂಟು. ಈಚೆಗೆ ನಮ್ಮ ಮನೆಗಳಲ್ಲಿ ಕೇಳಿಬರುತ್ತಿರುವ ಒಂದು ಪ್ರಶ್ನೆಯನ್ನು ಅದೇ ವಿವೇಕದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. “ಪದೇ ಪದೇ ಸ್ಟುಡಿಯೋಕ್ಕೆ ಅಲೆಯುವ ಬದಲು ಫೋಟೋ ಮುದ್ರಿಸುವ ಯಂತ್ರವೊಂದನ್ನು ಮನೆಗೇ ತಂದರೆ ಆಗದೇ?” ಎಂಬುದೇ ಆ ಪ್ರಶ್ನೆ.

ಪ್ರಶ್ನೆಯು ಸಣ್ಣದಾಗಿ ಕಂಡರೂ ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಪಾಲಿಗೆ ಸಣ್ಣದಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ, ರಾಯಚೂರುಗಳ ಕಡೆಯಿಂದ ದುಡಿಮೆಗಾಗಿ ಬಂದವರು ನಮ್ಮಲ್ಲಿ ಅನೇಕರು. ಶಾಲೆಯ ಪ್ರವೇಶಕ್ಕೆ, ಪರೀಕ್ಷೆಯ ಅರ್ಜಿಗೆ, ವಿದ್ಯಾರ್ಥಿವೇತನಕ್ಕೆ, ಬ್ಯಾಂಕಿನ ಖಾತೆಗೆ ಹೀಗೆ ಹಲವು ಕಡೆ ಭಾವಚಿತ್ರವನ್ನು ಕೇಳುತ್ತಾರೆ. ಅದಕ್ಕಾಗಿ ದಿನಗೂಲಿಯ ತಂದೆಯು ಅರ್ಧ ದಿನದ ಕೂಲಿಯನ್ನೇ ಬಿಡಬೇಕಾಗುವುದೂ ಉಂಟು. ಇತ್ತ ಊರಿನಲ್ಲಿ ಉಳಿದ ಅಜ್ಜಿಗೆ ಮೊಬೈಲು ತೆರೆದು ನೋಡಲು ಬಾರದು. ಮೊಮ್ಮಗಳ ಮುಖ ಅವಳಿಗೆ ಕಾಣಬೇಕಾದರೆ ಕಾಗದದ ಮೇಲೆಯೇ ಕಾಣಬೇಕು. ಹೀಗೆ ಒಂದು ಕಡೆ ದುಡ್ಡು, ಇನ್ನೊಂದು ಕಡೆ ನೆನಪು, ಎರಡೂ ಈ ಪ್ರಶ್ನೆಯಲ್ಲಿ ಅಡಗಿವೆ.

ಪ್ರಶ್ನೆಯ ಹಿನ್ನೆಲೆ

1839ರಲ್ಲಿ ಫ್ರಾನ್ಸಿನ ಡಾಗೇರ್ ಎಂಬಾತನು ಬೆಳಕಿನಿಂದ ಚಿತ್ರವನ್ನು ಹಿಡಿದಿಡುವ ತನ್ನ ವಿಧಾನವನ್ನು ಜಗತ್ತಿಗೆ ತಿಳಿಸಿದನು. ಆದರೆ ಅವನ ಲೋಹದ ತಗಡಿನ ಮೇಲೆ ಮೂಡುತ್ತಿದ್ದ ಚಿತ್ರವು ಒಂದೇ ಒಂದು. ಅದರಿಂದ ಎರಡನೆಯ ಪ್ರತಿಯನ್ನು ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ಎಂಬಾತನು 1841ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ ಮೊದಲು ನೆಗೆಟಿವ್ ಸಿದ್ಧವಾಗಿ, ಅದರಿಂದ ಬೇಕಾದಷ್ಟು ಪ್ರತಿಗಳು ಹೊರಡುತ್ತಿದ್ದವು. ಚಿತ್ರ ತೆಗೆಯುವುದು, ಪ್ರತಿ ಮಾಡುವುದು ಎಂಬ ಎರಡು ಬೇರೆ ಬೇರೆ ಕೆಲಸಗಳು ಅಂದಿನಿಂದ ಹುಟ್ಟಿಕೊಂಡವು.

ಎರಡನೆಯ ಕೆಲಸವನ್ನು ಯಾರು ಮಾಡಬೇಕು? 1888ರಲ್ಲಿ ಅಮೇರಿಕೆಯ ಜಾರ್ಜ್ ಈಸ್ಟ್‌ಮನ್ನನು ಇದಕ್ಕೊಂದು ಉತ್ತರವನ್ನು ಕೊಟ್ಟನು. ಅವನ ಕೊಡಕ್ ಕ್ಯಾಮೆರಾದ ಬೆಲೆ 25 ಡಾಲರು. ಒಳಗೆ 100 ಚಿತ್ರಗಳಿಗೆ ಸಾಕಾಗುವ ಸುರುಳಿ. ಚಿತ್ರಗಳು ಮುಗಿದೊಡನೆ ಗಿರಾಕಿಯು ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಬೇಕು. ಕಾರ್ಖಾನೆಯವರು 10 ಡಾಲರು ಪಡೆದು, ಮುದ್ರಿಸಿದ ಚಿತ್ರಗಳನ್ನೂ ಹೊಸ ಸುರುಳಿ ತುಂಬಿದ ಕ್ಯಾಮೆರಾವನ್ನೂ ಹಿಂದಿರುಗಿಸಬೇಕು. ಇಂದು ನಾವು ಮೊಬೈಲಿನ ಚಿತ್ರವನ್ನು ಅಂಗಡಿಗೆ ಒಯ್ಯುವುದು ಈ ಏರ್ಪಾಟಿನದೇ ಮುಂದುವರಿಕೆ. ಮನೆಯ ಮುದ್ರಣಯಂತ್ರವು ಆ ಎರಡನೆಯ ಕೆಲಸವನ್ನು ಮರಳಿ ನಮ್ಮ ಕೈಗೆ ಕೊಡುತ್ತದೆ. ಕೆಲಸದೊಡನೆ ಅದರ ಹೊಣೆಯನ್ನೂ ಕೊಡುತ್ತದೆ.

ಮೂರು ಬಗೆಯ ಮುದ್ರಣ

ಮೊದಲನೆಯದು ದೊಡ್ಡ ಫೋಟೋ ಲ್ಯಾಬುಗಳ ವಿಧಾನ. ಇಲ್ಲಿ ಶಾಯಿಯೇ ಇಲ್ಲ. ಬೆಳ್ಳಿಯ ಲವಣಗಳನ್ನು ಲೇಪಿಸಿದ ಕಾಗದದ ಮೇಲೆ ಯಂತ್ರವು ಬಣ್ಣದ ಬೆಳಕಿನಿಂದ ಚಿತ್ರವನ್ನು ಬರೆಯುತ್ತದೆ. ಬಳಿಕ ಆ ಕಾಗದವು ರಾಸಾಯನಿಕ ದ್ರವಗಳಲ್ಲಿ ಹಾದು, ತೊಳೆದು, ಒಣಗಿ ಹೊರಬರುತ್ತದೆ. ದಿನಕ್ಕೆ ನೂರಾರು ಪ್ರತಿಗಳಿದ್ದರೆ ಮಾತ್ರ ಇದು ಲಾಭದಾಯಕ.

ಎರಡನೆಯದು ಶಾಯಿಯನ್ನು ಸಿಡಿಸುವ ಇಂಕ್‌ಜೆಟ್ ಯಂತ್ರ. ಕೂದಲಿಗಿಂತ ಸಣ್ಣ ರಂಧ್ರಗಳಿಂದ ಸೂಕ್ಷ್ಮವಾದ ಹನಿಗಳು ಕಾಗದದ ಮೇಲೆ ಬಿದ್ದು ಚಿತ್ರವಾಗುತ್ತವೆ. ಈ ಯಂತ್ರಕ್ಕೆ ದೊಡ್ಡ ವೈರಿಯೆಂದರೆ ಬಿಡುವು. ವಾರಗಟ್ಟಲೆ ಸುಮ್ಮನಿಟ್ಟರೆ, ಅದರಲ್ಲೂ ಏಪ್ರಿಲ್ ಮೇ ತಿಂಗಳ ಪುಣೆಯ ಒಣಬಿಸಿಲಿನಲ್ಲಿ, ಶಾಯಿಯು ರಂಧ್ರಗಳಲ್ಲೇ ಒಣಗಿ ಕಟ್ಟಿಕೊಳ್ಳಬಹುದು. ಅದನ್ನು ಬಿಡಿಸಲು ಯಂತ್ರವು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ತೊಳೆಯುವುದಕ್ಕೆ ಬಳಕೆಯಾಗುವುದೂ ಅದೇ ಬೆಲೆಬಾಳುವ ಶಾಯಿ. ಕೆಲವು ಅಗ್ಗದ ಯಂತ್ರಗಳಲ್ಲಿ ಶಾಯಿಯ ಡಬ್ಬಿಗಳೇ ದುಬಾರಿ. ಆಗ “ಮೂಗಿಗಿಂತ ಮೂಗುತಿ ಭಾರ” ಎಂಬಂತಾಗುತ್ತದೆ. 2010ರಲ್ಲಿ ಎಪ್ಸನ್ ಕಂಪನಿಯು ಇಂಡೊನೇಷ್ಯಾದಲ್ಲಿ ಶಾಯಿಯನ್ನು ಸೀಸೆಯಿಂದ ತೊಟ್ಟಿಗೆ ಸುರಿಯುವ ಮಾದರಿಯನ್ನು ಹೊರತಂದ ಮೇಲೆ ಅಂಥವು ಎಲ್ಲೆಡೆ ಹಬ್ಬಿದವು. ಇವುಗಳಲ್ಲಿ ಶಾಯಿ ಅಗ್ಗ, ಯಂತ್ರದ ಬೆಲೆ ಹೆಚ್ಚು.

ಮೂರನೆಯದು ಡೈ-ಸಬ್ಲಿಮೇಷನ್ ಎಂಬ ಪುಟ್ಟ ಯಂತ್ರ. ರಿಬ್ಬನ್ನಿನ ಮೇಲಿರುವ ಹಳದಿ, ಕೆನ್ನೀಲಿ ಛಾಯೆಯ ಕೆಂಪು, ಹಸುರು ಛಾಯೆಯ ನೀಲಿ ಬಣ್ಣಗಳು ಕಾವಿನಿಂದ ಒಂದಾದ ಮೇಲೊಂದು ಕಾಗದಕ್ಕೆ ಇಳಿಯುತ್ತವೆ. ಕೊನೆಗೆ ಪಾರದರ್ಶಕ ಲೇಪವೊಂದು ಅವುಗಳನ್ನು ಮುಚ್ಚುತ್ತದೆ. ಇಲ್ಲಿ ಒಣಗುವ ಶಾಯಿಯಿಲ್ಲ. ರಿಬ್ಬನ್ನಿನಿಂದ ಇಷ್ಟೇ ಪ್ರತಿಗಳು ಎಂಬುದು ನಿಶ್ಚಿತ. ಆದರೆ ಅಳತೆಯು ಸಾಮಾನ್ಯವಾಗಿ ಪೋಸ್ಟ್‌ಕಾರ್ಡಿನಷ್ಟೇ, ಮತ್ತು ಆ ಯಂತ್ರಕ್ಕೆಂದೇ ಮಾಡಿದ ಕಾಗದ ಹಾಗೂ ರಿಬ್ಬನ್ನನ್ನೇ ಕೊಳ್ಳಬೇಕು.

ಲೆಕ್ಕದ ಪರೀಕ್ಷೆ

ಈಗ ಗಣಿತವನ್ನು ಸಾಕ್ಷಿಗೆ ಕರೆಯೋಣ. ಕೆಳಗಿನ ಬೆಲೆಗಳು ಉದಾಹರಣೆಗೆಂದು ಹಿಡಿದವು. ನೀವು ತಪಕೀರ ಗಲ್ಲಿಯಲ್ಲಿಯೋ ನಿಮ್ಮ ಓಣಿಯ ಅಂಗಡಿಯಲ್ಲಿಯೋ ವಿಚಾರಿಸಿ ನಿಜವಾದ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಶಾಯಿತೊಟ್ಟಿಯ ಯಂತ್ರಕ್ಕೆ 12,000 ರೂಪಾಯಿ, ಅದು ನಾಲ್ಕು ವರ್ಷ ಬಾಳುತ್ತದೆ ಎನ್ನೋಣ. ವರ್ಷವೊಂದಕ್ಕೆ 3,000 ರೂಪಾಯಿ ಬಿದ್ದಿತು. 4×6 ಅಂಗುಲದ ಒಂದು ಪ್ರತಿಗೆ ಮನೆಯಲ್ಲಿ ಕಾಗದ, ಶಾಯಿ ಸೇರಿ 8 ರೂಪಾಯಿ. ಅಂಗಡಿಯಲ್ಲಿ 15 ರೂಪಾಯಿ. ಪ್ರತಿಯೊಂದರಲ್ಲಿ ಉಳಿತಾಯ 7 ರೂಪಾಯಿ. 3,000ವನ್ನು 7ರಿಂದ ಭಾಗಿಸಿದರೆ 428ಕ್ಕೂ ಮೇಲೆ ಬರುತ್ತದೆ. ಎಂದರೆ, ವರ್ಷಕ್ಕೆ 429 ಫೋಟೋಗಳನ್ನು ಮುದ್ರಿಸುವ ಮನೆಗೆ ಮಾತ್ರ ಯಂತ್ರವು ನಷ್ಟವಿಲ್ಲದೆ ಒದಗುತ್ತದೆ. ದಿನಕ್ಕೊಂದಕ್ಕಿಂತ ಹೆಚ್ಚು! ಹಾಗೆ ಮುದ್ರಿಸುವ ಮನೆಗಳು ನಮ್ಮಲ್ಲಿ ಎಷ್ಟಿವೆ?

ವರ್ಷಕ್ಕೆ 40 ಫೋಟೋಗಳು ಸಾಕಾಗುವ ಸಂಸಾರವೊಂದನ್ನು ತೆಗೆದುಕೊಳ್ಳಿರಿ. ಮನೆಯ ಯಂತ್ರದಲ್ಲಿ ಖರ್ಚು 3,000ಕ್ಕೆ 320 ಸೇರಿ 3,320 ರೂಪಾಯಿ; ಫೋಟೋ ಒಂದಕ್ಕೆ 83 ರೂಪಾಯಿ. ಅಂಗಡಿಯಲ್ಲಿ 600 ರೂಪಾಯಿ. ನಾಲ್ಕು ಸಲ ಹೋಗಿಬರುವ ಬಸ್ಸಿನ ಖರ್ಚು 160 ಸೇರಿಸಿದರೂ 760. “ಕೂಲಿ ತಪ್ಪುವುದಲ್ಲ?” ಎಂದು ನೀವು ಕೇಳುವುದು ನ್ಯಾಯವೇ. ಸಲಕ್ಕೆ 300 ರೂಪಾಯಿ ತಪ್ಪಿತೆಂದರೂ ಒಟ್ಟು 1,960. ಹಾಗಿದ್ದರೂ ಅಂಗಡಿಯೇ ಅಗ್ಗ. ಆದರೆ ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿರಿ: ದುಬಾರಿಯಾದದ್ದು ಫೋಟೋ ಅಲ್ಲ, ಅಲೆದಾಟ. ನಾಲ್ಕು ಸಲದ ಕೆಲಸವನ್ನು ಒಂದು ಬಿಡುವಿನ ಸಂಜೆ ಒಂದೇ ಸಲ ಮುಗಿಸಿದರೆ ಖರ್ಚು 640ಕ್ಕೆ ಇಳಿಯುತ್ತದೆ. ಉಳಿತಾಯದ ಬೀಗದಕೈ ಯಂತ್ರದಲ್ಲಿಲ್ಲ, ಮುಂದಾಲೋಚನೆಯಲ್ಲಿದೆ.

ಹಲವರಿಗೊಂದು ಯಂತ್ರ

ಹಾಗಾದರೆ ಯಂತ್ರವು ವ್ಯರ್ಥವೇ? ಅಲ್ಲ. ಅದೇ ಯಂತ್ರವನ್ನು 500 ವಿದ್ಯಾರ್ಥಿಗಳ ಶಾಲೆಯಲ್ಲಿ ಇಟ್ಟು ನೋಡಿರಿ. ಪಾಸ್‌ಪೋರ್ಟ್ ಅಳತೆಯ ಭಾವಚಿತ್ರವು 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. 4×6 ಅಂಗುಲದ ಕಾಗದವು ಸುಮಾರು 102×152 ಮಿಲಿಮೀಟರ್. ಕಾಗದವನ್ನು ನಿಲ್ಲಿಸಿ ಜೋಡಿಸಿದರೆ ಅಡ್ಡಕ್ಕೆ ಎರಡು, ಉದ್ದಕ್ಕೆ ಮೂರು, ಒಟ್ಟು ಆರು ಚಿತ್ರಗಳು ಹಿಡಿಯುತ್ತವೆ. ಅದೇ ಕಾಗದವನ್ನು ಮಲಗಿಸಿ ಜೋಡಿಸಿದರೆ ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು! ಕಾಗದವನ್ನು ತಿರುಗಿಸಿದ ಮಾತ್ರಕ್ಕೆ ಎರಡು ಚಿತ್ರಗಳು ಲಾಭವಾದವು.

ವಿದ್ಯಾರ್ಥಿಗೊಂದು ಹಾಳೆಯಂತೆ 500 ಹಾಳೆಗಳಿಗೆ 4,000 ರೂಪಾಯಿ. ಯಂತ್ರದ ವರ್ಷದ ಪಾಲು 3,000. ಒಟ್ಟು 7,000 ರೂಪಾಯಿ, ತಲೆಗೆ 14. ಅಂಗಡಿಯಲ್ಲಿ ಎಂಟು ಭಾವಚಿತ್ರಗಳಿಗೆ 60 ರೂಪಾಯಿ ಎಂದರೂ ಒಟ್ಟು 30,000 ಆಗುತ್ತದೆ. ಯಾವ ತಂದೆಯೂ ಕೂಲಿ ಬಿಡಬೇಕಾಗಿಲ್ಲ. ಮನೆಯೊಂದಕ್ಕೆ ಹೊರೆಯಾದ ವಸ್ತುವು ಹಲವರು ಕೂಡಿದಲ್ಲಿ ಉಪಕಾರಿಯಾಯಿತು. ಶಾಲೆ, ವಸತಿಗೃಹ, ಸಂಘ ಮುಂತಾದೆಡೆಗಳಲ್ಲಿ ಇದನ್ನು ಆಲೋಚಿಸಬಹುದು. ಆದರೆ ಎಲ್ಲರ ಎಮ್ಮೆಗೆ ಮೇವು ಹಾಕುವವರು ಯಾರೂ ಇಲ್ಲವೆಂದಾಗಬಾರದು. ಬೇಸಿಗೆಯ ರಜೆಯಲ್ಲಿಯೂ ವಾರಕ್ಕೊಂದು ಹಾಳೆ ಮುದ್ರಿಸಿ ಶಾಯಿಯನ್ನು ಹರಿಯುವಂತೆ ಇಡುವ ಹೊಣೆಯನ್ನು ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸತಕ್ಕದ್ದು.

ಅಂಗಡಿಗೆ ಹೋಗುವವರಿಗೆ ಸೂಚನೆಗಳು

ಮೊದಲನೆಯದಾಗಿ, ಚಿತ್ರದ ಆಕಾರ. ಬಹುತೇಕ ಮೊಬೈಲುಗಳ ಚಿತ್ರವು 4:3ರ ಪ್ರಮಾಣದ್ದು; 4×6ರ ಕಾಗದವು 3:2ರದು. ಆರು ಅಂಗುಲದ ಅಗಲಕ್ಕೆ ಚಿತ್ರದ ಎತ್ತರ ನಾಲ್ಕೂವರೆ ಅಂಗುಲವಾಗುತ್ತದೆ, ಕಾಗದವಿರುವುದು ನಾಲ್ಕೇ. ಹೀಗೆ ಒಂಬತ್ತರಲ್ಲೊಂದು ಪಾಲು ಕತ್ತರಿಗೆ ಹೋಗುತ್ತದೆ. ಹಿಂದಿನ ಸಾಲಿನಲ್ಲಿ ನಿಂತ ಎತ್ತರದ ಸೋದರಮಾವನ ತಲೆ ಹೋಗದಿರಬೇಕಾದರೆ ಚಿತ್ರ ತೆಗೆಯುವಾಗಲೇ ಮೇಲೆ ಕೆಳಗೆ ಸ್ವಲ್ಪ ಜಾಗ ಬಿಡಬೇಕು.

ಎರಡನೆಯದಾಗಿ, ಚಿತ್ರದ ಸೂಕ್ಷ್ಮತೆ. ಅಂಗುಲಕ್ಕೆ 300 ಚುಕ್ಕೆಗಳಿದ್ದರೆ ಮುದ್ರಣವು ಸ್ಪಷ್ಟ. 4×6ಕ್ಕೆ 1,200×1,800, ಅಂದರೆ 21,60,000 ಚುಕ್ಕೆಗಳು, 8×10ಕ್ಕೆ 72,00,000. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳುಹಿಸಿದ ಚಿತ್ರವು ಕುಗ್ಗಿಹೋಗುತ್ತದೆ. ಸಣ್ಣ ಅಳತೆಗೆ ಅದು ನಡೆದೀತು, ಗೋಡೆಯ ಚೌಕಟ್ಟಿಗೆ ನಡೆಯದು. ಆದ್ದರಿಂದ ಮೂಲಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿರಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಮೂರನೆಯದು ಎಲ್ಲಕ್ಕೂ ಮುಖ್ಯ. ಮೊಬೈಲನ್ನೇ ಅಂಗಡಿಯವರ ಕೈಗೆ ಬಿಟ್ಟು ಕೂಡ್ರಬೇಡಿರಿ. ಬೇಕಾದ ಚಿತ್ರಗಳನ್ನಷ್ಟೇ ಕೊಟ್ಟು, ಕೆಲಸ ಮುಗಿದ ಮೇಲೆ ಅವರ ಗಣಕಯಂತ್ರದಿಂದ ಅಳಿಸಿಸಿ ಬರತಕ್ಕದ್ದು. ಇದು ಅವಿಶ್ವಾಸವಲ್ಲ, ಎಚ್ಚರ. ನಮ್ಮ ಹೆಣ್ಣುಮಕ್ಕಳು ಇದನ್ನು ಸಂಕೋಚವಿಲ್ಲದೆ ಕೇಳಬೇಕು.

ಬಾಳಿಕೆ

ಎಲ್ಲಿ ಮುದ್ರಿಸಿದರೂ ಚಿತ್ರವು ಬಾಳುವುದು ನಾವು ಇಟ್ಟುಕೊಂಡಂತೆ. ಇಂಕ್‌ಜೆಟ್ಟಿನಲ್ಲಿ ಡೈ ಶಾಯಿಗಿಂತ ಪಿಗ್ಮೆಂಟ್ ಶಾಯಿಯು ಸಾಮಾನ್ಯವಾಗಿ ಬೆಳಕನ್ನು ಹೆಚ್ಚು ತಾಳುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಗೆ ಯಾವ ಚಿತ್ರವನ್ನೂ ತೂಗುಹಾಕಬಾರದು. ಮಳೆಗಾಲದ ತೇವದಲ್ಲಿ ಚಿತ್ರವು ಗಾಜಿಗೆ ಅಂಟಿಕೊಳ್ಳುವುದರಿಂದ ಎರಡರ ನಡುವೆ ದಪ್ಪ ಕಾಗದದ ಅಂಚು ಇರಲಿ. ಚಿತ್ರದಲ್ಲಿರುವವರ ಹೆಸರು, ಊರು, ವರ್ಷಗಳನ್ನು ಚೀಟಿಯಲ್ಲಿ ಬರೆದು ಜೊತೆಗಿಡಿರಿ.

ಒಂದೇ ಕಡೆ ಇಟ್ಟದ್ದು ಒಮ್ಮೆಲೇ ಹೋಗಬಹುದೆಂಬುದಕ್ಕೆ ಈ ನಗರವೇ ಸಾಕ್ಷಿ. 1961ರ ಜುಲೈ 12ರಂದು ಪಾನಶೇತ ಆಣೆಕಟ್ಟು ಒಡೆದಾಗ ಮುಠಾ ನದಿಯ ನೀರು ಪೇಟೆಗಳ ಮನೆಮನೆಗೆ ನುಗ್ಗಿತು. 1964ರಲ್ಲಿ ಇಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾಯಿತು; ಆದರೂ 2003ರ ಜನವರಿಯಲ್ಲಿ ಬೆಂಕಿ ಬಿದ್ದು, ಬೇಗನೆ ಹೊತ್ತಿಕೊಳ್ಳುವ ಸ್ವಭಾವದ ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದವು. ಕಾಪಾಡಲೆಂದೇ ಕಟ್ಟಿದ ಸಂಸ್ಥೆಗೇ ಹೀಗಾದ ಮೇಲೆ ಒಂದು ಮೊಬೈಲಿನ ಪಾಡೇನು? ಅದು ಬಸ್ಸಿನಲ್ಲಿ ಕಳೆಯಬಹುದು, ನೀರಿಗೆ ಬೀಳಬಹುದು. ಆದುದರಿಂದ ಒಂದು ಪ್ರತಿ ಪುಣೆಯಲ್ಲಿ, ಒಂದು ಪ್ರತಿ ಊರಿನಲ್ಲಿ ಇರಲಿ. ಮೂಲಚಿತ್ರವು ಮೊಬೈಲಿನ ಹೊರಗೆ ಇನ್ನೊಂದೆಡೆಯೂ ಇರಲಿ. ಅಂಗಡಿಯಲ್ಲಿ ಮುದ್ರಿಸುವ ಸಂಸಾರಕ್ಕೆ ಯಂತ್ರದ ಖರ್ಚಿನಲ್ಲಿ ಉಳಿದ ಹಣವು ಇದಕ್ಕೆ ಧಾರಾಳವಾಗಿ ಸಾಕು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಕಳೆದ ವರ್ಷ ಎಷ್ಟು ಫೋಟೋಗಳನ್ನು ಮುದ್ರಿಸಿದರೆಂಬುದನ್ನು ಹಿರಿಯರಲ್ಲಿ ವಿಚಾರಿಸಿ, ಮೇಲಿನ ಲೆಕ್ಕವನ್ನು ನಿಜವಾದ ಬೆಲೆಗಳಿಂದ ಮತ್ತೆ ಮಾಡಿರಿ.

2. ಅಂಗಡಿಯ ದರವು 15ರಿಂದ 20 ರೂಪಾಯಿಗೆ ಏರಿದರೆ, ಯಂತ್ರವು ನಷ್ಟವಿಲ್ಲದೆ ಒದಗಲು ವರ್ಷಕ್ಕೆ ಎಷ್ಟು ಫೋಟೋಗಳು ಬೇಕು?

3. ಮೊಬೈಲಿನಲ್ಲಿರುವ ಚಿತ್ರಗಳಿಂದ ಹನ್ನೆರಡನ್ನು ಮನೆಯವರೆಲ್ಲ ಕೂಡಿ ಆರಿಸಿ, ದೀಪಾವಳಿಯ ರಜೆಯಲ್ಲಿ ಊರಿಗೆ ಹೋಗುವ ಮುನ್ನ ಎರಡೆರಡು ಪ್ರತಿ ಮಾಡಿಸಿರಿ. ಒಂದು ಕಟ್ಟನ್ನು ಅಜ್ಜಿಯ ಕೈಯಲ್ಲಿಟ್ಟು, ಅವಳ ಹಳೆಯ ಪಟಗಳಲ್ಲಿ ಇರುವವರು ಯಾರು ಯಾರೆಂದು ಕೇಳಿ ಬರೆದುಕೊಂಡು ಬನ್ನಿರಿ.