ಮೊದಲು ಸರ್ವೆ ನಂಬರು, ಆಮೇಲೆ ಯಂತ್ರ

ಅಂಕೋಲಾದ ಕೇಣಿ ಕಡೆ ಮಾವಿನ ರಸವನ್ನೋ ಮೀನನ್ನೋ ಸಂಸ್ಕರಿಸಿ ಹೊರದೇಶಕ್ಕೆ ಕಳಿಸುವ ಸಣ್ಣ ಕಾರ್ಖಾನೆ ಹಾಕಬೇಕೆನ್ನುವವರು ಯಂತ್ರದ ಕೊಟೇಶನ್ ತರಿಸುವ ಮೊದಲು ಪಹಣಿ ಹಿಡಿದುಕೊಂಡು ಕಾರವಾರಕ್ಕೆ ಹೋಗಬೇಕು. ಅಲ್ಲಿನ ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ನಿಮ್ಮ ಸರ್ವೆ ನಂಬರು ಕರಾವಳಿ ನಿಯಂತ್ರಣ ವಲಯದೊಳಗೆ, ಅಂದರೆ ಸಿಆರ್‌ಝಡ್‌ನಲ್ಲಿ, ಬೀಳುತ್ತದೆಯೇ ಎಂದು ಬರವಣಿಗೆಯಲ್ಲೇ ಕೇಳಿ.

2019ರ ಅಧಿಸೂಚನೆಯಂತೆ ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್‌ವರೆಗಿನ ನೆಲ ಈ ವಲಯಕ್ಕೆ ಸೇರುತ್ತದೆ. ಉಬ್ಬರದ ನೀರು ಏರುವ ಹೊಳೆಗಳ ದಡದಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಇದರೊಳಗೆ ಹೊಸ ಕೈಗಾರಿಕೆಗೆ ನಿಷೇಧವಿದೆ. ಹೊಸ ಮೀನು ಸಂಸ್ಕರಣಾ ಘಟಕವನ್ನಂತೂ ಹೆಸರಿಸಿಯೇ ನಿಷೇಧಿಸಿದ್ದಾರೆ. ಆದರೆ ಅದೇ ಅಧಿಸೂಚನೆ ಸ್ಥಳೀಯ ಮೀನುಗಾರರಿಗೆ ಬೇಕಾದ ಮೀನು ಒಣಗಿಸುವ ಕಣ, ಹರಾಜು ಕಟ್ಟೆ, ಐಸ್ ಪ್ಲಾಂಟ್, ಬಲೆ ದುರಸ್ತಿ ಮಾಡುವ ಮತ್ತು ದೋಣಿ ಕಟ್ಟುವ ಜಾಗಗಳಿಗೆ ಗ್ರಾಮೀಣ ಕಡಲತಡಿಯ ನಿರ್ಮಾಣ ನಿಷೇಧಿತ ಪಟ್ಟಿಯಲ್ಲೂ ಅವಕಾಶ ಕೊಟ್ಟಿದೆ. ಹರಿಕಂತ್ರ, ಖಾರ್ವಿ ಮೀನುಗಾರ ಕುಟುಂಬಗಳು ಬಾಯಿಪಾಠ ಮಾಡಿಕೊಳ್ಳಬೇಕಾದ ಮಾತಿದು. ಕೇಣಿಯಲ್ಲಿ ವಾಣಿಜ್ಯ ಬಂದರಿನ ಪ್ರಸ್ತಾವ ಇರುವುದರಿಂದ, ಭೂಸ್ವಾಧೀನದ ಯಾವುದಾದರೂ ಅಧಿಸೂಚನೆಯಲ್ಲಿ ನಿಮ್ಮ ನಂಬರು ಇದೆಯೇ ಎಂಬುದನ್ನೂ ವಿಚಾರಿಸಿಕೊಳ್ಳಿ. ಜಾಗವೇ ತಪ್ಪಿದ್ದರೆ ಮುಂದಿನ ಯಾವ ಪರವಾನಗಿಯೂ ಅದನ್ನು ಸರಿಮಾಡಲಾರದು.

ಜಾಗ ಸರಿಯಿದ್ದರೆ ನಮ್ಮ ಕಡೆ ಬಿನ್‌ಶೇತ್ಕಿ ಎನ್ನುವ ಭೂಪರಿವರ್ತನೆ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ. ಪುರಸಭೆ ಅಥವಾ ಪಂಚಾಯಿತಿಯ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ ಅಷ್ಟೇನೂ ಕಷ್ಟವಲ್ಲ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಶುಲ್ಕ ಕೇಳುವ ಮಧ್ಯವರ್ತಿಗೆ ಕೊಡಬೇಡಿ.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಎರಡು ಸಲ ಬೇಕು: ಕಟ್ಟುವ ಮೊದಲು ಒಮ್ಮೆ, ಉತ್ಪಾದನೆ ಶುರುಮಾಡುವ ಮೊದಲು ಮತ್ತೊಮ್ಮೆ. 1974ರ ಜಲ ಕಾಯ್ದೆಯಡಿ ಅರ್ಜಿ ತಿರಸ್ಕಾರವಾದರೆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಯಾವ ಕಚೇರಿಯಲ್ಲೇ ಆಗಲಿ, ಅರ್ಜಿ ಕೊಟ್ಟೊಡನೆ ಸ್ವೀಕೃತಿ ಪಡೆಯಿರಿ. ಸಕಾಲ ವ್ಯಾಪ್ತಿಯ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಮೊತ್ತ ಸಣ್ಣದು, ಆದರೆ ಆ ಸ್ವೀಕೃತಿಯ ಸಂಖ್ಯೆ ಇಲ್ಲದೆ ಮೇಲ್ಮನವಿಗೆ ಬಲವಿಲ್ಲ.

ಸಬ್ಸಿಡಿಯ ವಿಚಾರದಲ್ಲಿ ಅವಸರ ಬೇಡ. 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮೂಲ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಸಾಲ ಮಂಜೂರಾಗುವ ಮೊದಲೇ ಕೈಯಿಂದ ದುಡ್ಡು ಹಾಕಿ ಯಂತ್ರ ಕೊಂಡರೆ ಆ ಖರ್ಚು ಲೆಕ್ಕಕ್ಕೆ ಬಾರದೇ ಹೋದೀತು. ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಯೇ ಮುಂದುವರಿಯಿರಿ.

ರಫ್ತಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಅದರ ಶುಲ್ಕ 500 ರೂಪಾಯಿ. ಮೀನಾದರೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ ನೋಂದಣಿಯೂ ಇರಬೇಕು. ರಫ್ತಿನ ಮೇಲೆ ಜಿಎಸ್‌ಟಿ ಶೂನ್ಯ ದರ. ಮೊದಲೇ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆ ಕಳಿಸಬಹುದು. ಕಚ್ಚಾ ಸಾಮಗ್ರಿಗೆ ಕಟ್ಟಿದ ತೆರಿಗೆಯನ್ನು ಎರಡು ವರ್ಷದೊಳಗೆ ವಾಪಸು ಕೇಳಬೇಕು. ಕರಿ ಇಶಾಡ ಮಾವಿನ ರಸವಾದರೆ ಇನ್ನೊಂದು ಕೆಲಸವಿದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಹಾಗಾಗಿ ಡಬ್ಬಿಯ ಮೇಲೆ ಆ ಹೆಸರು ಅಚ್ಚು ಹಾಕಿಸುವ ಮೊದಲು ಚೆನ್ನೈನ ನೋಂದಣಿ ಕಚೇರಿಯ ಅಧಿಕೃತ ಬಳಕೆದಾರರ ಪಟ್ಟಿಗೆ ಅರ್ಜಿ ಹಾಕಿ.