ಮೂಡುಗಾಳಿ, ಪಡುಗಾಳಿ ಮತ್ತು ಹಪ್ಪಳದ ಅಂಗಳ

ಪಂಚಾಂಗದ ಪ್ರಕಾರ ಯುಗಾದಿಯಿಂದ ವಸಂತ. ಕುಮಟಾದ ಅಂಗಳದಲ್ಲಿ ನಿಂತವರಿಗೆ ಆ ಹೆಸರು ಅಷ್ಟಾಗಿ ಹೊಂದುವುದಿಲ್ಲ. ಫೆಬ್ರವರಿ ನಡುವಿನಿಂದ ಮೇ ಕೊನೆಯವರೆಗೆ ಇಲ್ಲಿ ಹವೆ ಒಂದು ಕಡೆ ನಿಲ್ಲುವುದೇ ಇಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ, ಹನ್ನೊಂದಕ್ಕೆ ತುಟಿ ಒಡೆಯುವ ಒಣ ಬಿಸಿ, ಮೂರಕ್ಕೆ ಮೈಗೆ ಅಂಟುವ ಸೆಕೆ. ಇನ್ನೂ ಮುಂದೆ ಹೋದರೆ ಸಂಜೆಗೆ ಘಟ್ಟದ ಕಡೆಯಿಂದ ಗುಡುಗು. ಹಪ್ಪಳ, ಸಂಡಿಗೆ ಮಾಡಿ ಮಾರುವ ನಮ್ಮಂಥ ಹೆಂಗಸರಿಗೆ ವರ್ಷದ ದುಡಿಮೆ ಆಗಬೇಕಾದದ್ದು ಈ ತಿಂಗಳುಗಳಲ್ಲೇ. ಶಿವರಾತ್ರಿಯ ಹೊತ್ತಿಗೆ ಉದ್ದಿನ ಹಪ್ಪಳ, ಅಕ್ಕಿ ಸಂಡಿಗೆ. ಹೋಳಿ ಸುಗ್ಗಿ ಮುಗಿದು ಹಲಸು ಬಲಿತ ಮೇಲೆ ಹಲಸಿನಕಾಯಿ ಹಪ್ಪಳ.

ನನ್ನ ತವರು ಶಿರಸಿ. ಅಲ್ಲಿ ಬಿಸಿಲು ಎಂದರೆ ಬಿಸಿಲು, ಮೋಡ ಎಂದರೆ ಮೋಡ. ಮದುವೆಯಾಗಿ ಘಟ್ಟ ಇಳಿದು ಬಂದ ಮೇಲೆ ಅತ್ತೆಯವರ ಜೊತೆ ಚಾಪೆ ಹಾಸಲು ತೊಡಗಿದಾಗ ನಾನು ಆಕಾಶ ನೋಡುತ್ತಿದ್ದೆ, ಅವರು ತೆಂಗಿನ ಗರಿ ನೋಡುತ್ತಿದ್ದರು. ಗರಿ ಪಡುವಣಕ್ಕೆ ಬಾಗಿ ಅಲುಗುತ್ತಿದ್ದರೆ ಅವರಿಗೆ ಸಮಾಧಾನ. "ಮೂಡುಗಾಳಿ ಇದೆ ತಂಗೀ, ಇವತ್ತು ಎರಡು ಚಾಪೆ ಹೆಚ್ಚು ಹಾಸು" ಎನ್ನುವರು. ಗರಿಗಳು ಸ್ತಬ್ಧವಾಗಿ ನಿಂತು, ಆಮೇಲೆ ಮೆಲ್ಲನೆ ತಿರುಗಿ ಮೂಡಣಕ್ಕೆ ಬಾಗಿದರೆ, "ಪಡುಗಾಳಿ ಬಂತು, ಮಗುಚಿ ಹಾಕು" ಎಂದು ಎದ್ದೇಬಿಡುವರು. ಹಲವು ಬೇಸಿಗೆ ಕಳೆದ ಮೇಲೆ, ಹವಾಮಾನದ ಬಗ್ಗೆ ಓದಿಯೂ ನೋಡಿದ ಮೇಲೆ, ನನಗೆ ಖಾತ್ರಿಯಾಗಿರುವುದು ಇದು: ಕರಾವಳಿಯ ಬೇಸಿಗೆಯನ್ನು ಡಿಗ್ರಿಯ ಅಂಕಿ ಹೇಳುವುದಕ್ಕಿಂತ ಗಾಳಿಯ ದಿಕ್ಕು ಚೆನ್ನಾಗಿ ಹೇಳುತ್ತದೆ.

ಮೂಡುಗಾಳಿ ಬಿಸಿಯಾಗಿರುವುದೇಕೆ ಎಂಬುದು ತಿಳಿದಾಗ ನನಗೆ ವಿಚಿತ್ರ ಸಂತೋಷವಾಗಿತ್ತು. ಒಣ ಗಾಳಿ ಎತ್ತರದಿಂದ ಕೆಳಗಿಳಿದಾಗ ಒತ್ತಡ ಹೆಚ್ಚಿ, ಪ್ರತಿ 100 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಕಾಯುತ್ತದೆ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಅಂದರೆ ಅಲ್ಲಿ 31 ಡಿಗ್ರಿ ಇದ್ದ ಗಾಳಿ ದೇವಿಮನೆ ಘಟ್ಟ ಇಳಿದು ನಮ್ಮ ಅಂಗಳ ಮುಟ್ಟುವಾಗ 37ರ ಹತ್ತಿರ. ನನ್ನ ತವರಿನ ಗಾಳಿಯೇ ಇಲ್ಲಿ ಬಂದು ನಮ್ಮ ಹಪ್ಪಳ ಒಣಗಿಸುತ್ತಿತ್ತು.

ಕಡಲಿನ ಗಾಳಿಯ ಲೆಕ್ಕ ಬೇರೆ. ಬಿಸಿಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಿದ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ. ಸಾಮಾನ್ಯ ದಿನಗಳಲ್ಲಿ ಅದು ಹನ್ನೊಂದು, ಹನ್ನೆರಡರ ಹೊತ್ತಿಗೆ ಬಂದುಬಿಡುತ್ತದೆ, ಬಿಸಿ 33–34ರಲ್ಲೇ ನಿಲ್ಲುತ್ತದೆ. ಮೂಡುಗಾಳಿ ಬಲವಾಗಿದ್ದ ದಿನ ಪಡುಗಾಳಿಗೆ ದಾರಿ ಸಿಗದೆ ಎರಡು ಗಂಟೆ, ಮೂರು ಗಂಟೆ ಆಗುತ್ತದೆ. ಅಷ್ಟು ಹೊತ್ತೂ ನೆಲ ಕಾಯುತ್ತಲೇ ಇರುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಕಾರವಾರವೋ ಮಂಗಳೂರೋ ಬಯಲುಸೀಮೆಯ ಊರುಗಳಿಗಿಂತ ಹೆಚ್ಚು ಬಿಸಿ ಎಂದು ಪತ್ರಿಕೆಯಲ್ಲಿ ಓದಿ ಆಚೆಯವರು ಬೆರಗಾಗುವುದು ಇಂಥ ದಿನಗಳಲ್ಲೇ. 2025ರ ಫೆಬ್ರವರಿ ಕೊನೆಯ ವಾರ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂತು. ಚಳಿಗಾಲದ ಲೆಕ್ಕದಲ್ಲಿರುವ ತಿಂಗಳಲ್ಲಿ ಬಿಸಿಗಾಳಿ!

ಹಪ್ಪಳಕ್ಕೆ ಮೂಡುಗಾಳಿಯಂಥ ಗೆಳೆಯ ಇಲ್ಲ. ಒಂಬತ್ತಕ್ಕೆ ಹಾಸಿದರೆ ಹನ್ನೆರಡಕ್ಕೆ ಅಂಚು ಮೇಲೇಳುತ್ತದೆ, ಎರಡನೆಯ ದಿನ ಮುರಿದರೆ ಪಟ್ಟೆಂದು ಸದ್ದು ಬರುತ್ತದೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರದವರಿಗೂ ಹಾಗೆಯೇ. ಒಣ ಗಾಳಿ ಬೀಸಿದಷ್ಟೂ ನೀರು ಬೇಗ ಆರಿ ಉಪ್ಪು ಕಟ್ಟುತ್ತದೆ. ಪಡುಗಾಳಿ ಬಂದ ಕೂಡಲೇ ಮೈಗೆ ತಂಪೆನಿಸುತ್ತದೆ, ಆದರೆ ಅದು ತರುವುದು ತೇವ. ಅದೇ ಬಿಸಿಲಿದ್ದರೂ ಒಣಗುವುದು ಅರ್ಧಕ್ಕರ್ಧ ನಿಧಾನ. ಸಂಜೆ ಐದರವರೆಗೆ ಬಿಟ್ಟರೆ ಒಣಗಿದ್ದೂ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ನಮ್ಮಲ್ಲಿ ಈಗ ಹಪ್ಪಳ ಒತ್ತುವ ಕೆಲಸ ನಸುಕಿನಲ್ಲೇ ಶುರು. ಇಬ್ಬನಿ ಆರಿದೊಡನೆ ಚಾಪೆ ಅಂಗಳಕ್ಕೆ, ಮೂರೂವರೆಯೊಳಗೆ ಒಳಗೆ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಿದರೆ ಬೆವರಿ ಬೂಸ್ಟು ಹಿಡಿಯುತ್ತದೆ, ಆರಿಸಿ ತುಂಬಬೇಕು. ಹೊಸದಾಗಿ ಈ ಕೆಲಸಕ್ಕಿಳಿದವರು ಬೇರೇನು ಮರೆತರೂ ಇದನ್ನು ಮರೆಯಬಾರದು.

ಏಪ್ರಿಲ್ ಬಂದರೆ ಎಲ್ಲವೂ ಬದಲು. ಮೂಡುಗಾಳಿ ಸೋಲುತ್ತದೆ. ಅರಬ್ಬೀ ಸಮುದ್ರವೇ ಕಾದಿರುತ್ತದೆ. ಮೇ ಹೊತ್ತಿಗೆ ಅದರ ಆಗ್ನೇಯ ಭಾಗದಲ್ಲಿ ಮೇಲ್ಮೈ ನೀರು 30 ಡಿಗ್ರಿ ದಾಟುವುದೂ ಉಂಟು. ಅಷ್ಟು ಬೆಚ್ಚನೆಯ ನೀರಿನ ಮೇಲಿಂದ ಬರುವ ಗಾಳಿ ರಾತ್ರಿಯನ್ನೂ ತಂಪು ಮಾಡುವುದಿಲ್ಲ. ಫೆಬ್ರವರಿಯಲ್ಲಿ ಬೆಳಗಿನ ಜಾವ ಹೊದಿಕೆ ಬೇಕಾಗಿದ್ದವರಿಗೆ ಮೇನಲ್ಲಿ ಫ್ಯಾನಿನ ಕೆಳಗೂ ನಿದ್ದೆ ಇಲ್ಲ.

ಇಲ್ಲಿ ನಾನು ಕಲಿತ ಪಾಠ ಹಪ್ಪಳದ್ದಲ್ಲ, ಮನುಷ್ಯರದ್ದು. ಒಂದು ಏಪ್ರಿಲ್ ಮಧ್ಯಾಹ್ನ ಫೋನು 34 ಡಿಗ್ರಿ ತೋರಿಸುತ್ತಿತ್ತು. ಮಾರ್ಚಿನಲ್ಲಿ 37ರಲ್ಲೂ ದುಡಿದಿದ್ದೆವಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಹೊರಗಿನ ಒಲೆಯ ಮುಂದೆ ಹಲಸಿನ ಸೊಳೆ ಬೇಯಿಸುತ್ತಿದ್ದ ನಮ್ಮ ಅಕ್ಕ ಒಬ್ಬರು ತಲೆ ಸುತ್ತುತ್ತದೆ ಎಂದು ಗೋಡೆ ಹಿಡಿದರು, ಅಲ್ಲೇ ವಾಂತಿ ಮಾಡಿಕೊಂಡರು. ನೆರಳಿನಲ್ಲಿ ಮಲಗಿಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಿದೆವು. ಚೇತರಿಸಿಕೊಂಡ ಮೇಲೆ ಉಪ್ಪು ಹಾಕಿದ ಗಂಜಿ ತಿಳಿ ಸ್ವಲ್ಪ ಸ್ವಲ್ಪವೇ ಕುಡಿದರು. ಆಮೇಲೆ ನೋಡಿದ ವೈದ್ಯರು ಹೇಳಿದ್ದು ಸರಳ: ಬೆವರು ಬಂದರೆ ಸಾಲದು, ಅದು ಆರಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಮೈಯ ಶಾಖ ಒಳಗೇ ಉಳಿಯುತ್ತದೆ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಮನೆಯ ಉಪಚಾರದಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಕರಾವಳಿಯಲ್ಲಿ ಬಿಸಿಗಾಳಿ ಎನ್ನಬೇಕಾದರೆ ಗರಿಷ್ಠ ಉಷ್ಣತೆ 37 ಡಿಗ್ರಿಯಾದರೂ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ನಮ್ಮ ಅಕ್ಕ ಕುಸಿದ ದಿನ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇಲಾಖೆ 'ಬಿಸಿ ಮತ್ತು ತೇವದ ಹವೆ' ಎಂದು ಬೇರೆಯಾಗಿ ಎಚ್ಚರಿಕೆ ಕೊಡುತ್ತದೆ, ಅದನ್ನು ಯಾರೂ ದೊಡ್ಡ ಸುದ್ದಿಯಾಗಿ ನೋಡುವುದಿಲ್ಲ. ನನ್ನ ಮಟ್ಟಿಗೆ ಕರಾವಳಿಯವರು ಮೊದಲು ಓದಬೇಕಾದ ಸಾಲು ಅದೇ. ಅಂಕಿ ಎಲ್ಲಿಯದು ಎಂಬುದನ್ನೂ ನೋಡಬೇಕು. ಪಣಂಬೂರಿನ ವೀಕ್ಷಣಾಲಯ ಕಡಲಿನ ಮಗ್ಗುಲಲ್ಲಿದೆ, ಮಂಗಳೂರು ವಿಮಾನ ನಿಲ್ದಾಣದ್ದು ಒಳಗೆ ಗುಡ್ಡದ ಮೇಲೆ. ಒಂದೇ ಊರು, ಒಂದೇ ದಿನ, ಅಂಕಿ ಎರಡು. ನಮಗೆ ಹತ್ತಿರದ್ದು ಹೊನ್ನಾವರದ್ದು. ಕಡಲಿನಿಂದ ದೂರ, ಘಟ್ಟದ ಬುಡದಲ್ಲಿರುವವರಿಗೆ ಅದೂ ಪೂರ್ತಿ ಹೊಂದುವುದಿಲ್ಲ.

ಮಳೆಯ ವಿಷಯದಲ್ಲೂ ದಿಕ್ಕೇ ಮುಖ್ಯ. ಜೂನಿನ ಮಳೆ ಕಡಲಿನಿಂದ ಬರುತ್ತದೆ. ಅಶ್ವಿನಿ, ಭರಣಿ ಮಳೆಗಳು ಹಾಗಲ್ಲ. ಮಧ್ಯಾಹ್ನ ಘಟ್ಟದ ನೆತ್ತಿಯ ಮೇಲೆ ಮೋಡ ಬೆಳೆದು, ಸಂಜೆಯೋ ರಾತ್ರಿಯೋ ಮೂಡಣದಿಂದ ಇಳಿದು ಬರುತ್ತವೆ. ಪಡುವಣದ ಆಕಾಶ ಸ್ವಚ್ಛವಾಗಿದೆ ಎಂದು ಗೇರುಬೀಜ, ಕೊಬ್ಬರಿ ಅಂಗಳದಲ್ಲೇ ಬಿಟ್ಟು ಪೇಟೆಗೆ ಹೋದವರು ಬೆನ್ನ ಹಿಂದಿನ ಮಳೆಗೆ ಸಿಕ್ಕಿಬೀಳುತ್ತಾರೆ. ಗುಡುಗು ಕೇಳಿದರೆ ಚಾಪೆ ಎತ್ತಲೂ ಓಡಬಾರದು ಎಂದು ಹಪ್ಪಳ ಮಾಡುವ ನಮ್ಮ ಗುಂಪಿನಲ್ಲಿ ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ತಲುಪುವಷ್ಟು ಹತ್ತಿರ ಇದೆ ಎಂದೇ ಅರ್ಥ. ಮೂಡಣದಲ್ಲಿ ಮೋಡ ಕಪ್ಪಾಗುವಾಗಲೇ ಎತ್ತಬೇಕು. ತಡವಾಯಿತೋ, ನೆನೆಯಲಿ. ಹಪ್ಪಳ ಮತ್ತೆ ಮಾಡಬಹುದು.

ಋತು ಮುಗಿಯುವ ದಿನವೂ ಈಗ ನಂಬಿಕೆಗೆ ಸಿಗುತ್ತಿಲ್ಲ. 2019ರಲ್ಲಿ, 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆ ಎರಡೂ ಮೇ ತಿಂಗಳಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟೆ ಬತ್ತುತ್ತ ಬಂದು ನಗರದ ನೀರಿಗೆ ಕಡಿತ ಬಿತ್ತು. 2021ರ ಮೇ ನಡುವೆ ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಬಡಿದು ಹೋಯಿತು. 2025ರಲ್ಲಿ ಮೇ 24ಕ್ಕೇ ಮುಂಗಾರು. ಆ ವರ್ಷ ಮೇ ತುಂಬ ಮಳೆ, ಮರದಲ್ಲಿದ್ದ ಹಲಸಿನಕಾಯಿಗೆ ನೀರು ತುಂಬಿ ಹಪ್ಪಳಕ್ಕೆ ಬಾರದೆ ಹೋದವು. ಹಾಗಾಗಿ ನಾವು ಈಗ ಮೇ ಹದಿನೈದರ ಆಚೆಯ ಬಿಸಿಲಿನ ಮೇಲೆ ಯಾವ ಮಾತೂ ಕೊಡುವುದಿಲ್ಲ. ಮುಂಗಡ ತೆಗೆದುಕೊಳ್ಳುವುದಾದರೆ ಏಪ್ರಿಲ್ ಕೊನೆಗೆ ಮುಗಿಸಬಹುದಾದಷ್ಟಕ್ಕೆ ಮಾತ್ರ. ಇದರಿಂದ ಆದಾಯ ಸ್ವಲ್ಪ ಇಳಿದಿದೆ, ಮಳೆಯ ದಿನಗಳಲ್ಲಿ ಗಿರಾಕಿಗಳ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪಿದೆ.

ಒಣಗಿಸುವ ಶೆಡ್ಡು ಹಾಕಿಸಿಕೊಳ್ಳಿ ಎಂದು ಹಲವರು ಹೇಳುತ್ತಾರೆ. ಒಳ್ಳೆಯ ಮಾತೇ. ಪಾರದರ್ಶಕ ಹಾಳೆಯ ಕೆಳಗೆ ಮಳೆಯ ಭಯವಿಲ್ಲ, ಧೂಳೂ ಇಲ್ಲ. ಆದರೆ ಅದರೊಳಗೆ ನಿಂತು ಚಾಪೆ ಮಗುಚುವವರಿಗೆ ಸೆಕೆ ಹೊರಗಿಗಿಂತ ಹೆಚ್ಚು. ಗಾಳಿ ಆಡುವಂತೆ ಮೂಡು, ಪಡು ಎರಡೂ ಬದಿ ತೆರೆದಿಡದ ಶೆಡ್ಡನ್ನು ನಾನು ಯಾರಿಗೂ ಹೇಳುವುದಿಲ್ಲ.

ಅಂಗಳ, ಗೇರುತೋಟ, ಕಟ್ಟಡ ಕೆಲಸ, ಆಗರ, ಎಲ್ಲಿಯೇ ಆಗಲಿ, ಜನರನ್ನು ಕರೆಸಿ ದುಡಿಸುವವರಲ್ಲಿ ನನ್ನದೊಂದು ಕೋರಿಕೆ: ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಕೆಲಸವನ್ನು ನಸುಕಿನಲ್ಲಿ ಶುರು ಮಾಡಿಸಿ, ಹನ್ನೆರಡರಿಂದ ಮೂರರವರೆಗೆ ನೆರಳು, ನೀರು ಕೊಟ್ಟು ಬಿಡುವು ಕೊಡಿ, ಆ ಬಿಡುವಿಗೆ ಕೂಲಿ ಮುರಿಯಬೇಡಿ.