ಪ್ರವೇಶದ ಸಂದರ್ಶನ: ಒಂದು ಪಾತ್ರಾಭಿನಯ ಪಾಠ

ಮಗುವನ್ನು ಖಾಸಗಿ ಶಾಲೆಯ ಒಂದನೇ ತರಗತಿಗೆ ಸೇರಿಸಬೇಕೆಂದಿರುವ ಪೋಷಕರು ಪರಿಚಯದ ಶಿಕ್ಷಕರ ಸಲಹೆ ಕೇಳುವುದು ಸಾಮಾನ್ಯ. ಆದ್ದರಿಂದ ಶಿಕ್ಷಣ ಹಕ್ಕು ಕಾಯ್ದೆ, 2009ರ ಸೆಕ್ಷನ್ 13 ಮತ್ತು 14ನ್ನು ನಾನು ಉಪನ್ಯಾಸದ ಬದಲು ಪಾತ್ರಾಭಿನಯದ ಮೂಲಕ ಬೋಧಿಸುತ್ತೇನೆ.

ಉದ್ದೇಶ: ಪ್ರವೇಶದ ವೇಳೆ ಶಾಲೆ ಏನು ಕೇಳಬಹುದು, ಏನು ಕೇಳಬಾರದು ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಗುರುತಿಸುವರು, ಪೋಷಕರಿಗೆ ಸರಳವಾಗಿ ವಿವರಿಸುವರು.

ಚಟುವಟಿಕೆ: ನಾಲ್ವರು ತಂದೆ, ತಾಯಿ, ಮಗು, ಮುಖ್ಯಶಿಕ್ಷಕರ ಪಾತ್ರ ವಹಿಸುತ್ತಾರೆ. ಮುಖ್ಯಶಿಕ್ಷಕರ ಕೈಯಲ್ಲಿ ನಾಲ್ಕು ಮಿಂಚುಪಟ್ಟಿಗಳಿರುತ್ತವೆ: 'ಇಂಗ್ಲಿಷಿನಲ್ಲಿ ಐದು ಹಣ್ಣುಗಳ ಹೆಸರು ಹೇಳು', 'ನೀವು ಎಷ್ಟು ಓದಿದ್ದೀರಿ?', 'ಕಟ್ಟಡ ನಿಧಿಗೆ ಎಷ್ಟು ಕೊಡುತ್ತೀರಿ?', 'ಜನನ ಪ್ರಮಾಣಪತ್ರ ತಂದಿದ್ದೀರಾ?' ಉಳಿದವರು ಪ್ರತಿ ಪ್ರಶ್ನೆ ಸರಿಯೋ ತಪ್ಪೋ ಎಂದು ಕಾರಣಸಹಿತ ಬರೆಯುತ್ತಾರೆ.

ಚರ್ಚೆ: ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುವಂಥ ಯಾದೃಚ್ಛಿಕ ವಿಧಾನವೇ ದಾರಿ. ಮೀರಿದರೆ ಮೊದಲ ಸಲ 25,000 ರೂ., ನಂತರ ಪ್ರತಿ ಸಲ 50,000 ರೂ. ವರೆಗೆ ದಂಡ. ಘೋಷಿತ ಶುಲ್ಕದಾಚೆಗಿನ ಡೊನೇಷನ್‌ಗೆ ಅದರ ಹತ್ತು ಪಟ್ಟಿನವರೆಗೆ ದಂಡವಿದೆ. ಜನನ ಪ್ರಮಾಣಪತ್ರ ಕೇಳಬಹುದು. ಅದಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ.

ಹೆಚ್ಚು ವಾದ ಹುಟ್ಟುವುದು ಎರಡನೇ ಪ್ರಶ್ನೆಗೆ. ಪ್ರವೇಶವಾದ ಮೇಲೆ ದಾಖಲೆಗಾಗಿ ಕೇಳಿದರೆ ಅದು ಮಾಹಿತಿ. ಉತ್ತರ ನೋಡಿ ಸೀಟು ಕೊಟ್ಟರೆ ಅದೇ ನಿಷೇಧಿತ ಆಯ್ಕೆ. ಪ್ರಶ್ನೆಯ ಮಾತುಗಳಿಗಿಂತ ಅದರ ಬಳಕೆಯನ್ನು ಗಮನಿಸಲು ಇಲ್ಲಿ ಸಮಯ ಕೊಡಬೇಕು.

ಮಿತಿ: ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅದು ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಸಲಹೆ ಕೊಡುವ ಮುನ್ನ ಮಗುವಿನ ವಯಸ್ಸನ್ನೂ ಶಾಲೆಯ ಸ್ವರೂಪವನ್ನೂ ವಿಚಾರಿಸಬೇಕು.

ಬಳಿಕ ಪಾತ್ರ ಬದಲಿಸುತ್ತೇನೆ: ಕೆಲಸಕ್ಕೆ ಸೇರಿದ ಮೊದಲ ವಾರವೇ 'ಈ ಮಕ್ಕಳನ್ನು ಪರೀಕ್ಷಿಸಿ ಪಟ್ಟಿ ಕೊಡಿ' ಎಂದು ಆಡಳಿತ ಮಂಡಳಿ ಹೇಳಿದರೆ? ತರಗತಿ ಮೌನವಾಗುತ್ತದೆ, ಕೆಲಸದ ಚಿಂತೆ ಎಲ್ಲರಿಗೂ ಇದೆ. ಆ ಮೌನವನ್ನು ಉಪದೇಶದಿಂದ ತುಂಬಬಾರದು. ಒಂದು ತಂಡ ಕಂಡುಕೊಂಡ ಉತ್ತರ ಬಳಸುವಂತಿದೆ: 'ಪ್ರವೇಶ ಮುಗಿಯಲಿ ಸರ್, ಆಮೇಲೆ ಪ್ರತಿ ಮಗುವಿನ ಕಲಿಕಾ ಮಟ್ಟ ನಾನೇ ನೋಡಿ ಬೋಧನೆ ಯೋಜಿಸುತ್ತೇನೆ.'

ಮೌಲ್ಯಮಾಪನ: ಅಕ್ಷರ ಬಾರದ ತಾಯಿಗೆ ಓದಿ ಹೇಳಬಹುದಾದ ಹತ್ತು ವಾಕ್ಯಗಳ ಸಲಹೆ ಬರೆಯಿರಿ. 'ಸೆಕ್ಷನ್' ಎಂಬ ಪದ ಬಳಸಬೇಡಿ.